ಸೀಲು ಹಾಕಿಸಿಕೊಂಡ ಅರ್ಜಿ

ಓರೆಬ್ರೂ, ೯ ಅಕ್ಟೋಬರ್ ೨೦೨೪

...ಹಾಗಂತ ನೀರೇ ಇಲ್ಲ ಅಂತಲ್ಲ, ಉಮಾಕಾಂತ. ನೀರಿದೆ, ಬೇಕಾದ ಕಡೆ ಇಲ್ಲ. ನಿನ್ನೆ ಹಾಳೆ ಮುಗಿದು ಕಕ್ಕಸಿನ ವಿಷಯ ಅರ್ಧಕ್ಕೇ ನಿಂತಿತ್ತು, ಅದಕ್ಕೆ ಅಲ್ಲಿಂದಲೇ ಶುರು ಮಾಡಿದೆ. ವಿಮಾನದಿಂದ ನೋಡಿದರೆ ಈ ದೇಶದಲ್ಲಿ ನೆಲಕ್ಕಿಂತ ಕೆರೆಯೇ ಜಾಸ್ತಿ. ಕಕ್ಕಸಿಗೆ ಹೋದರೆ ಮಾತ್ರ ಕಾಗದ. ಥೂ. ಎರಡನೆಯ ದಿನವೇ ಅಂಗಡಿಗೆ ಹೋಗಿ, ಗಿಡಕ್ಕೆ ನೀರು ಹಾಕುವ ಉದ್ದ ಮೂತಿಯ ಪ್ಲಾಸ್ಟಿಕ್ ಡಬ್ಬ ತಂದೆ. ನಿವೇದಿತಾ ನೋಡಿ, "ಅಪ್ಪಾ, ನಮ್ಮನೇಲಿ ಗಿಡಾನೇ ಇಲ್ವಲ್ಲ" ಅಂದಳು. "ನನಗೇ ಹಾಕ್ಕೊಳೋದು" ಅಂದೆ.

ನಿನ್ನ ಕಿವಿಗೆ ಮೆಷಿನ್ ಹಾಕಿಸಿಕೋ ಅಂತ ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ಕೇಳಲಿಲ್ಲ. ಈಗ ಫೋನಿನಲ್ಲಿ ನಿನಗೆ ಕೇಳಿಸುವಷ್ಟು ಕೂಗಿದರೆ ಪಕ್ಕದ ಮನೆಯವರು ಪೊಲೀಸರನ್ನು ಕರೆದಾರು. ಆದ್ದರಿಂದ ಬರೆದ ಹಾಳೆಯ ಫೋಟೋ ತೆಗೆದು ನಿನ್ನ ಸೊಸೆ ಸಿಂಧೂರಳ ಫೋನಿಗೇ ಕಳಿಸುತ್ತೇನೆ. ಅವಳು ಓದಿದರೆ ಓದಲಿ, ಮುಚ್ಚಿಡುವಂಥದ್ದೇನೂ ಇಲ್ಲ.

ಊಟ ಕೇಳಬೇಡ. ಬ್ರೆಡ್ಡು ಕಟ್ಟಿಗೆ ಅಂದರೆ ಕಟ್ಟಿಗೆಯೇ. ಕೆಳಗಿನ ಮನೆಯಲ್ಲಿ ಯಾವುದೋ ಮೀನನ್ನು ಸಕ್ಕರೆ ಹಾಕಿ ಉಪ್ಪಿನಕಾಯಿ ಮಾಡಿಟ್ಟಿದ್ದಾರೆ. ಅವರು ಬಾಟಲಿ ಮುಚ್ಚಳ ತೆಗೆದರೆ ಮೂರನೆಯ ಮಹಡಿಯಲ್ಲಿ ನನ್ನ ವಿಭೂತಿಯೂ ಅದೇ ವಾಸನೆ ಹೊಡೆಯುತ್ತದೆ. ಬಟ್ಟೆ ಒಗೆಯುವ ಮೆಷಿನ್ನುಗಳು ಇಡೀ ಕಟ್ಟಡಕ್ಕೆ ಸೇರಿ ನೆಲಮಾಳಿಗೆಯಲ್ಲಿವೆ, ಹೆಸರು ಬರೆದು ಸರದಿ ಕಾಯಬೇಕು. ನಾನು ಸರದಿ ಮುಗಿದ ಮೇಲೂ ಪಂಚೆ ಬಿಟ್ಟಿದ್ದೆನಂತೆ. ಯಾರೋ ಅದನ್ನು ಮಡಿಸಿಟ್ಟು ಮೇಲೊಂದು ಚೀಟಿ ಅಂಟಿಸಿದ್ದರು. ಎದುರಿಗೆ ಬಂದು ಬೈದರೆ ಇವರ ಗಂಟೇನು ಹೋಗುತ್ತದೆ?

ಬಸ್ಸು ಮಾತ್ರ ಸಮಯಕ್ಕೆ ಬರುತ್ತದೆ. ಮೂವತ್ತೊಂದು ವರ್ಷ ಡಿಪೋದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದವನಿಗೆ ಅದೂ ಒಂದು ಶಿಕ್ಷೆ. ಬೈಯಲು ಒಬ್ಬನೂ ಸಿಗುವುದಿಲ್ಲ.

ಮಗಳ ಕೆಲಸದ ವಿಷಯ ಕೇಳಿದ್ದೀಯ. ಇಲ್ಲಿಯ ಕೊಮ್ಯೂನ್, ಅಂದರೆ ನಮ್ಮ ನಗರಸಭೆ ಇದ್ದ ಹಾಗೆ, ಅವರು ನಡೆಸುವ ಶಾಲೆ. ನಡುವೆ ಬಿಟ್ಟುಹೋದ ಒಬ್ಬ ಇಂಗ್ಲಿಷ್ ಮೇಷ್ಟರ ಜಾಗ. ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ. ದಾಟಿದರೆ ಕಾಯಂ, ದಾಟದಿದ್ದರೆ ಪರ್ಮಿಟ್ಟೂ ಹೋಗುತ್ತದೆ, ಊರಿಗೆ ವಾಪಸ್ಸು. ನಿನಗೆ ಗೊತ್ತಲ್ಲ, ನಮ್ಮಲ್ಲಿ ಒಂಬತ್ತು ವರ್ಷ ಅತಿಥಿ ಶಿಕ್ಷಕಿ ಅಂತ ದುಡಿದಳು, ಪ್ರತಿ ಜೂನ್‌ನಲ್ಲೂ ಕರೆಯುತ್ತಾರೋ ಇಲ್ಲವೋ ಅಂತ ಕಾದಳು. "ಈ ಆರು ತಿಂಗಳು ದಾಟ್ಬಿಟ್ರೆ, ಅಪ್ಪಾ, ಮೊದಲನೇ ಸಲ ಒಂದು ಕುರ್ಚಿ ನಂದಾಗುತ್ತೆ" ಅಂತಾಳೆ. ನಾನು ಹೂಂ ಅಂತೇನೆ.

ನಾನಿರುವುದು ಡಿಸೆಂಬರ್ ಇಪ್ಪತ್ತೆಂಟರವರೆಗೆ, ತೊಂಬತ್ತು ದಿನದ ವೀಸಾ. ಅಷ್ಟರೊಳಗೆ ನೀನು ಒಂದು ಕೆಲಸ ಮಾಡಿಸು. ಬೀಗದ ಕೈ ನಿನ್ನ ಹತ್ತಿರವೇ ಇದೆ. ನಡುಮನೆಯ ಪಕ್ಕದ ಕೋಣೆಗೆ ಬಣ್ಣ ಹೊಡೆಸು. ನಿವೇದಿತಾಗೆ ತಿಳಿಯುವುದು ಬೇಡ.

ಸಿದ್ದಲಿಂಗ

*

ತಿಪಟೂರು, ೧೪ ಅಕ್ಟೋಬರ್ ೨೦೨೪

ಸಿದ್ದಲಿಂಗನಿಗೆ,

ನಿನ್ನ ಪತ್ರವನ್ನು ಸಿಂಧೂರ ಜೋರಾಗಿ ಓದಿದಳು. ಕಕ್ಕಸಿನ ಭಾಗ ಬಂದಾಗ ಫೋನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮುಂದೆ ಅಂಥದ್ದನ್ನು ಬೇರೆ ಹಾಳೆಯಲ್ಲಿ ಬರೆ.

ನೀನು ಹೋದಾಗಿನಿಂದ ಸಂಜೆ ಕೆರೆ ಏರಿಯ ಮೇಲೆ ನಾನೊಬ್ಬನೇ. ನಿನ್ನ ಬೈಗುಳವಿಲ್ಲದೆ ವಾಕಿಂಗ್ ಮೊದಲಿಗಿಂತ ಬೇಗ ಮುಗಿಯುತ್ತಿದೆ, ಹಸಿವೂ ಆಗುತ್ತಿಲ್ಲ. ಮೀನಿನ ವಾಸನೆಗೆ ಕಿಟಕಿ ತೆಗೆ ಅಂದರೆ ಚಳಿ ಅಂತೀಯ. ಒಟ್ಟಿನಲ್ಲಿ ನಿನಗೆ ಬೈಯಲು ಏನೋ ಒಂದು ಸಿಕ್ಕಿದೆಯಲ್ಲ, ಅಷ್ಟು ಸಾಕು, ಆರೋಗ್ಯವಾಗಿದ್ದೀಯ ಅಂತ ತಿಳಿಯುತ್ತೇನೆ.

ಕೋಣೆ ನೋಡಿ ಬಂದೆ. ಬಾಡಿಗೆಗೆ ತಾನೇ? ಒಳ್ಳೆಯ ಯೋಚನೆ. ಇಬ್ಬರು ನರ್ಸಿಂಗ್ ಹುಡುಗಿಯರು ಆಗಲೇ ವಿಚಾರಿಸಿದರು. ಬಾಡಿಗೆಯವರಿಗೆ ಬಿಳಿ ಸುಣ್ಣ ಸಾಕು ಅಂತಾನೆ ಪೇಂಟರು. ನಿವೇದಿತಾಳ ಪುಸ್ತಕದ ಬೀರು, ಅವಳ ತಾಯಿ ಪ್ರಫುಲ್ಲಾ ಅವರ ಕಾಲದ ಹೊಲಿಗೆ ಮೆಷಿನ್ನು ಅಲ್ಲೇ ಇವೆ. ಎಲ್ಲಿಗೆ ಸಾಗಿಸಲಿ? ತಿಳಿಸುವುದು.

ಉಮಾಕಾಂತ

*

ಓರೆಬ್ರೂ, ೨೩ ಅಕ್ಟೋಬರ್ ೨೦೨೪

ಉಮಾಕಾಂತ, ನಿನ್ನೆ ಅವಳ ಶಾಲೆ ನೋಡಿದೆ. ನೋಡಬಾರದಿತ್ತು.

ಡಬ್ಬಿ ಮರೆತು ಹೋಗಿದ್ದಳು. ಉಪ್ಪಿಟ್ಟು ತಣ್ಣಗಾಗುತ್ತದೆ ಅಂತ ಮಂಕಿ ಕ್ಯಾಪ್ ಹಾಕಿಕೊಂಡು ಎರಡು ಸ್ಟಾಪ್ ಬಸ್ಸಿನಲ್ಲಿ ಹೋದೆ. ಊಟದ ಹಾಲ್‌ಗೆ ಕಳಿಸಿದರು. ಏನು ಬಡಿಸಿದ್ದರು ಗೊತ್ತೇನು? ರಕ್ತ. ಹಂದಿಯ ರಕ್ತವನ್ನು ಹಿಟ್ಟಿನಲ್ಲಿ ಕಲಸಿ, ಬೇಯಿಸಿ, ಇಟ್ಟಿಗೆಯ ಹಾಗೆ ಕೊಯ್ದು ಹುರಿದು, ಮೇಲೆ ಕೆಂಪು ಹಣ್ಣಿನ ಜಾಮು. ಮಕ್ಕಳು ಚಪ್ಪರಿಸಿ ತಿನ್ನುತ್ತಿದ್ದರು. ಮೇಷ್ಟ್ರುಗಳೂ ಅದೇ ಮೇಜಿನಲ್ಲಿ ಮಕ್ಕಳ ಜೊತೆ ಕೂತು ಉಣ್ಣಬೇಕಂತೆ, ಅದೂ ಡ್ಯೂಟಿಯಂತೆ. ನಾಲ್ಕು ಜನ ಹುಡುಗರ ಮಧ್ಯೆ ನನ್ನ ಮಗಳು ಆಲೂಗಡ್ಡೆ ಸುಲಿಯುತ್ತಾ ಕೂತಿದ್ದಳು. ಇಷ್ಟಲಿಂಗ ಕಟ್ಟಿದ ಮನೆಯ ಹುಡುಗಿ. ನಾನು ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತೆ.

ಆಮೇಲೆ ಅವಳ ತರಗತಿ. ಬಾಗಿಲಿಗೆ ಗಾಜಿದೆ, ಸಂದಿನಲ್ಲಿ ಮಾತೂ ಕೇಳುತ್ತದೆ. ಎಂಟನೆಯ ಕ್ಲಾಸು. ಒಬ್ಬ ಹುಡುಗ, ಕೂದಲು ಬೆಳ್ಳಗೆ ನಾರಿನ ಹಾಗೆ, ಮುಂದಿನ ಕುರ್ಚಿಯ ಮೇಲೆ ಕಾಲು ಚಾಚಿದ್ದ. ಅವಳು ಒಳಗೆ ಹೋದರೆ ಒಬ್ಬರೂ ಏಳಲಿಲ್ಲ. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟರು ವರಾಂಡದಲ್ಲಿ ಕೆಮ್ಮಿದರೆ ಕೊನೆಯ ಬೆಂಚಿನಲ್ಲಿದ್ದ ನಾವೂ ಎದ್ದು ನಿಲ್ಲುತ್ತಿದ್ದೆವು, ನೆನಪಿದೆಯಾ? ಈ ಹುಡುಗ ಹೇಳುತ್ತಾನೆ: "ನಿವಿ, ದಿಸ್ ಈಸ್ ಸೋ ಬೋರಿಂಗ್." ನಿವಿ! ಇವಳ ಅಮ್ಮ ಕರೆಯುತ್ತಿದ್ದ ಹೆಸರು ಅದು. ಇವಳು ಬೆತ್ತ ಬೇಡ, ಕಣ್ಣಾದರೂ ಕೆಂಪಗೆ ಮಾಡಬೇಕೋ ಬೇಡವೋ? "ಓಕೆ, ಯು ಕಮ್ ಅಂಡ್ ಟೀಚ್" ಅಂತ ಪೆನ್ನು ಅವನ ಕಡೆ ಚಾಚಿ ನಕ್ಕಳು. ಎಲ್ಲರೂ ನಕ್ಕರು. ಅವಮಾನ ನುಂಗಿಕೊಂಡು ನಗುವುದನ್ನೂ ಕಲಿತಿದ್ದಾಳೆ.

ರಾತ್ರಿ ಊಟಕ್ಕೆ ಮುಂಚೆ ಬಚ್ಚಲಲ್ಲಿ ನಲ್ಲಿ ಇಪ್ಪತ್ತು ನಿಮಿಷ ಹರಿಯಿತು. ಹೊರಗೆ ಬಂದಾಗ ಕಣ್ಣು ಊದಿತ್ತು. "ಏನವ್ವಾ?" ಅಂದೆ. "ಈರುಳ್ಳಿ ಹೆಚ್ಚಿದೆನಲ್ಲಪ್ಪ." ಆ ದಿನದ ಸಾರಿಗೆ ಈರುಳ್ಳಿಯೇ ಹಾಕಿರಲಿಲ್ಲ.

ನಾನು ಹೆಡ್‌ಮಾಸ್ಟರಿಗೆ ಒಂದು ಅರ್ಜಿ ಕೊಡಬೇಕೆಂದಿದ್ದೇನೆ. ಹೆಂಗಸು, ಲೇನಾ ಅಂತ, ನಲವತ್ತೋ ನಲವತ್ತೈದೋ. ಅವಳನ್ನೂ ಮಕ್ಕಳು ಲೇನಾ ಅಂತಲೇ ಕರೆಯುವುದು. ಬಿ.ಎ. ಇಂಗ್ಲಿಷಿನಲ್ಲಿ ಮೂವತ್ತಾರು ಅಂಕ ತೆಗೆದವನು ನಾನು. ಅದರಲ್ಲಿ ಈಗ ಉಳಿದಿರುವುದು ಡಿಪೋ ಚಾರ್ಟಿನ ಇಂಗ್ಲಿಷು: ಲೇಟ್ ಅರೈವಲ್, ಬ್ರೇಕ್‌ಡೌನ್, ನೋ ರಿಲೀಫ್ ಕ್ರೂ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ಕೂತು ನೀನು ಎಷ್ಟು ಜನಕ್ಕೆ ಬರೆದುಕೊಟ್ಟಿಲ್ಲ. ನನಗೂ ಒಂದು ಡ್ರಾಫ್ಟ್ ಕಳಿಸು. ನಕಲು ನಾನು ಮಾಡಿಕೊಳ್ಳುತ್ತೇನೆ.

ಮರೆತಿದ್ದೆ. ಬಿಳಿ ಬೇಡ, ತಿಳಿಹಸಿರು ಹೊಡೆಸು. ಬೀರು, ಮೆಷಿನ್ನು ಎಲ್ಲಿವೆಯೋ ಅಲ್ಲೇ ಇರಲಿ.

ಸಿದ್ದಲಿಂಗ

*

ತಿಪಟೂರು, ೨೮ ಅಕ್ಟೋಬರ್ ೨೦೨೪

ಸಿದ್ದಲಿಂಗನಿಗೆ,

ಓದಿ ರಕ್ತ ಕುದಿಯಿತು. ಆ ತಟ್ಟೆಯಲ್ಲಿದ್ದದ್ದಲ್ಲ, ನನ್ನದು.

ಡ್ರಾಫ್ಟು ಇದರ ಜೊತೆ ಪ್ರತ್ಯೇಕ ಹಾಳೆಯಲ್ಲಿದೆ. 'ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್' ಎಂದು ಶುರುವಾಗಿ 'ಫಾರ್ ವಿಚ್ ಆಕ್ಟ್ ಆಫ್ ಕೈಂಡ್‌ನೆಸ್' ಎಂದು ಮುಗಿಯುತ್ತದೆ. ಒಂದು ಅಕ್ಷರ ಬದಲಾಯಿಸಬೇಡ. ನಿನಗೆ ಅರ್ಥವಾಗಲೆಂದು ಸಾರಾಂಶ ಹೇಳುತ್ತೇನೆ. ವಿದ್ಯಾರ್ಥಿಗಳು ನನ್ನ ಮಗಳನ್ನು ಬರಿ ಹೆಸರಿನಿಂದ ಕರೆದು ಕಾಲು ತೋರಿಸಿ ಅಪಮಾನ ಮಾಡುತ್ತಾರೆ. ಪ್ರಾಣಿಗಳ ರಕ್ತ ತಿನ್ನುವವರ ಪಂಕ್ತಿಯಲ್ಲಿ ಕೂರಬೇಕಾಗಿ ಬಂದು ಇಪ್ಪತ್ತು ದಿನಗಳಿಂದ ಅನ್ನ ಮುಟ್ಟಿಲ್ಲ. ಹಗಲಿರುಳು ಕಣ್ಣೀರಿಡುತ್ತಾಳೆ, ನಿದ್ರೆಯಿಲ್ಲ, ದೇಹ ಕೃಶವಾಗಿದೆ, ಮನಸ್ಸು ಸ್ತಿಮಿತದಲ್ಲಿಲ್ಲ. ಆದ್ದರಿಂದ ದಯಾಮಯರಾದ ತಾವು ಆ ವಿದ್ಯಾರ್ಥಿಗಳಿಗೆ ತಕ್ಕ ಎಚ್ಚರಿಕೆ ನೀಡಿ, ಅವಳಿಗೆ ಪ್ರತ್ಯೇಕವಾಗಿ ಊಟ ಮಾಡಲು ಏರ್ಪಾಡು ಮಾಡಿಕೊಡಬೇಕು.

ಇಷ್ಟೆಲ್ಲ ಆಗಿದೆಯಾ ಅಂತ ಕೇಳಬೇಡ. ಅರ್ಜಿ ಬರೆಯುವುದೇ ಹಾಗೆ. ಮೂವತ್ತಾರು ವರ್ಷ ನೋಡಿದ್ದೇನೆ: ಬಾವಿ ಅರ್ಧ ಒಣಗಿದ್ದರೆ ಪೂರ್ತಿ ಒಣಗಿದೆ ಅಂತ ಬರೆಯಬೇಕು, ಎಮ್ಮೆಗೆ ಜ್ವರ ಬಂದಿದ್ದರೆ ಸತ್ತಿದೆ ಅಂತ ಬರೆಯಬೇಕು. ಓದುವ ಸಾಹೇಬನಿಗೂ ಅದು ಗೊತ್ತು. ಅವನೇ ಮುಕ್ಕಾಲು ಕಳೆದು ಉಳಿದ ಕಾಲುಭಾಗ ನಂಬುತ್ತಾನೆ. ಕಾಲುಭಾಗವನ್ನೇ ಬರೆದರೆ ಏನು ಉಳಿಯುತ್ತದೆ?

ಇನ್ನೊಂದು, ಬಹಳ ಮುಖ್ಯ. ಕೈಯಲ್ಲಿ ಕೊಟ್ಟು ಬರಬೇಡ. ನಿನ್ನ ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ತಾರೀಖು, ನಂಬರು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡ. ಸೀಲಿಲ್ಲದ ಅರ್ಜಿ ಕಸದ ಬುಟ್ಟಿಗೆ.

ತಿಳಿಹಸಿರು ಅಂತ ಹೇಳಿದ್ದೇನೆ. ಬೀರು ಇಟ್ಟುಕೊಂಡೇ ಬಾಡಿಗೆಯವರು ಇರುವುದು ಹೇಗೋ ನನಗೆ ತಿಳಿಯದು.

ಉಮಾಕಾಂತ

*

ಓರೆಬ್ರೂ, ೭ ನವೆಂಬರ್ ೨೦೨೪

ಆಯಿತು, ಉಮಾಕಾಂತ. ನಿನ್ನೆ ಕೊಟ್ಟು ಬಂದೆ. ಸೀಲಿನೊಂದಿಗೆ.

ಕಚೇರಿಯಲ್ಲಿದ್ದ ಹುಡುಗಿ ಲಕೋಟೆ ತೆಗೆದುಕೊಂಡು, "ಥ್ಯಾಂಕ್ಸ್, ಐ ವಿಲ್ ಗಿವ್ ಹರ್" ಅಂದಳು. ನಾನು ಜಪ್ಪಯ್ಯ ಅನ್ನಲಿಲ್ಲ. "ಸೀಲ್ ಪ್ಲೀಸ್. ಡೇಟ್. ನಂಬರ್" ಅಂದೆ. ಅವಳಿಗೆ ಆಶ್ಚರ್ಯ. ಲಕೋಟೆ ತೆರೆದು ಮೊದಲ ಪುಟ ಓದಿದಳು, ನನ್ನನ್ನು ನೋಡಿದಳು, ಮುಖದಲ್ಲಿದ್ದ ನಗು ಹೋಯಿತು. ಡ್ರಾಯರೆಲ್ಲ ಹುಡುಕಿ ಒಂದು ಸೀಲು ತಂದು ಎರಡೂ ಪ್ರತಿಗೆ ಒತ್ತಿ, ಕಂಪ್ಯೂಟರಿನಲ್ಲಿ ಏನೋ ತುಂಬಿ, ನಂಬರು ಬರೆದುಕೊಟ್ಟಳು. ನಾನು ಹೊರಟಾಗ ಪಾಪ ಅನ್ನಿಸಿತೋ ಏನೋ, ಒಂದು ಬಟ್ಟಲು ಮುಂದಿಟ್ಟು ಮಿಠಾಯಿ ತೆಗೆದುಕೊ ಅಂದಳು. ಕರ್ರಗಿತ್ತು. ಬಾಯಿಗೆ ಹಾಕಿದೆ. ರಸ್ತೆಗೆ ಹಾಕುವ ಡಾಂಬರಿಗೆ ಉಪ್ಪು ಬೆರೆಸಿದರೆ ಹೇಗಿರುತ್ತದೆ, ಹಾಗಿತ್ತು. ಮಕ್ಕಳಿಗೆ ಕೊಡುವ ಮಿಠಾಯಿಯಂತೆ! ಅವಳೆದುರು ಉಗಿಯಲಾಗದೆ ಬಸ್ ಸ್ಟಾಪಿನವರೆಗೆ ದವಡೆಯಲ್ಲಿ ಇಟ್ಟುಕೊಂಡು ಬಂದೆ. ಈಗಲೂ ಏಲಕ್ಕಿ ಅಗಿಯುತ್ತಿದ್ದೇನೆ.

ನೀನು ಬರೆದದ್ದನ್ನೇ ನಕಲು ಮಾಡಿದ್ದೇನೆ. ಒಂದು ಅಕ್ಷರವೂ ತೆಗೆದಿಲ್ಲ.

ನಿವೇದಿತಾಗೆ ಹೇಳಿಲ್ಲ. ಈಗೀಗ ಸ್ವಲ್ಪ ಗೆಲುವಾಗಿದ್ದಾಳೆ. ಮೊನ್ನೆ ಸಾರಿಗೆ ಒಗ್ಗರಣೆ ಹಾಕುತ್ತಾ ಹಾಡಿಕೊಳ್ಳುತ್ತಿದ್ದಳು. "ಅಪ್ಪಾ, ಆ ಎಂಟನೇ ಕ್ಲಾಸ್ ಇದಾರಲ್ಲ, ಇವತ್ತು ಪೂರ್ತಿ ನಲವತ್ತು ನಿಮಿಷ ಬಾಯ್ಮುಚ್ಕೊಂಡು ಕತೆ ಕೇಳಿದ್ರು" ಅಂದಳು. ಎಷ್ಟು ದಿನದ್ದೋ.

ಇಲ್ಲಿ ಈಗ ನಾಲ್ಕು ಗಂಟೆಗೇ ಸಂಜೆ. ಸೂರ್ಯನೂ ಇವರ ಹಾಗೇ, ಡ್ಯೂಟಿ ಮುಗಿಯಿತು ಅಂತ ಎದ್ದು ಹೋಗುತ್ತಾನೆ.

ಬಣ್ಣ ಒಣಗಿತೆ?

ಸಿದ್ದಲಿಂಗ

*

ತಿಪಟೂರು, ೧೧ ನವೆಂಬರ್ ೨೦೨೪

ಸಿದ್ದಲಿಂಗನಿಗೆ,

ಭೇಷ್. ನಂಬರು ಬಿತ್ತು ಅಂದರೆ ಇನ್ನು ಯಾರೂ ಅದನ್ನು ನುಂಗಲಾರರು. ಅರ್ಜಿ ಪೂರ್ತಿ ಓದಿದರೆ ಆ ಲೇನಮ್ಮನ ಕಣ್ಣಲ್ಲೂ ನೀರು ಬಂದೀತು. 'ಮನಸ್ಸು ಸ್ತಿಮಿತದಲ್ಲಿಲ್ಲ' ಅನ್ನುವುದಕ್ಕೆ ಸರಿಯಾದ ಇಂಗ್ಲಿಷ್ ಹುಡುಕಲು ನನಗೆ ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು.

ಬಣ್ಣ ಒಣಗಿದೆ. ಕೋಣೆ ಹೊಸ ಎಲೆಯ ಹಾಗೆ ಇದೆ. ನಿನ್ನೆ ನಾನೇ ಅಲ್ಲಿ ಒಂದು ಗಂಟೆ ಪೇಪರ್ ಓದುತ್ತಾ ಕೂತಿದ್ದೆ. ನರ್ಸಿಂಗ್ ಹುಡುಗಿಯರು ಮತ್ತೆ ಬಂದಿದ್ದರು. ಏನು ಹೇಳಲಿ?

ಉಮಾಕಾಂತ

*

ಓರೆಬ್ರೂ, ೧೯ ನವೆಂಬರ್ ೨೦೨೪

ಉಮಾಕಾಂತ,

ಅವರು ಮುಕ್ಕಾಲು ಕಳೆಯಲಿಲ್ಲ. ಬರೆದದ್ದೆಲ್ಲ ನಂಬಿದರು.

ಇಲ್ಲಿ ಕೊಮ್ಯೂನಿನ ಶಾಲೆಗೆ ಕೊಟ್ಟ ಕಾಗದಕ್ಕೆ ನಂಬರು ಬಿದ್ದರೆ ಅದು ಸರ್ಕಾರಿ ದಾಖಲೆ. ವಿಚಾರಣೆ ಮಾಡಲೇಬೇಕು, ಹರಿದು ಹಾಕುವಂತಿಲ್ಲ, ಯಾರು ಬೇಕಾದರೂ ಬಂದು ಓದಲು ಕೇಳಬಹುದಂತೆ. ಲೇನಾ ಶುಕ್ರವಾರ ನಿವೇದಿತಾಳನ್ನು ಕೋಣೆಗೆ ಕರೆದಳು. ಬಾಗಿಲು ಮುಚ್ಚಿ, ಕಾಫಿ ಕೊಟ್ಟು, ದಾಲ್ಚಿನ್ನಿ ಬನ್ನು ಕೊಟ್ಟು, ನನ್ನ ಅರ್ಜಿಯನ್ನು ಮುಂದಿಟ್ಟಳು. ನಿಮ್ಮ ಮೇಲೆ ಇಷ್ಟು ಭಾರ ಹಾಕಿದ್ದೇವೆ ಅಂತ ನಮಗೆ ತಿಳಿಯಲೇ ಇಲ್ಲ, ಕ್ಷಮಿಸಿ ಅಂದಳಂತೆ. ಅವಳಿಗೂ ಕಣ್ಣಲ್ಲಿ ನೀರು. ನೀನು ಹೇಳಿದ್ದೆಯಲ್ಲ.

ನಿವೇದಿತಾ ತಾನು ದಿನಾ ಊಟ ಮಾಡುತ್ತೇನೆ ಅಂದಳು. ಲೇನಾ ತಲೆಯಾಡಿಸಿದಳು. ನಿದ್ದೆ ಮಾಡುತ್ತೇನೆ ಅಂದಳು. ಅದಕ್ಕೂ ತಲೆಯಾಡಿಸಿದಳು, ಹುಚ್ಚರ ಮಾತಿಗೆ ಆಡಿಸುವ ಹಾಗೆ. ಇವರ ಮರ್ಯಾದೆ ಇದೆಯಲ್ಲ, ಅದಕ್ಕಿಂತ ಅಸಹ್ಯವಾದದ್ದನ್ನು ನಾನು ಕಂಡಿಲ್ಲ. ಆ ರಕ್ತದ ಇಟ್ಟಿಗೆಯೇ ವಾಸಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಎಂಟನೆಯ ಕ್ಲಾಸನ್ನು ಅವಳ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟಿದ್ದಾರೆ. ಉಳಿದ ಕ್ಲಾಸಿನಲ್ಲಿ ಹಿಂದೆ ಒಬ್ಬರು ಕೂತು ಬರೆದುಕೊಳ್ಳುತ್ತಾರೆ. ವಾರಕ್ಕೊಂದು ದಿನ ನರ್ಸಮ್ಮನ ಹತ್ತಿರ ಹೋಗಿ ತೂಕ ನೋಡಿಸಿಕೊಳ್ಳಬೇಕು. ಕ್ರಿಸ್‌ಮಸ್ ರಜೆಗೆ ಮುಂಚೆ ಈ ಕೆಲಸ ನಿಮಗೆ ಆಗುತ್ತದೋ ಇಲ್ಲವೋ ಕೂತು ಯೋಚಿಸೋಣ ಅಂದಿದ್ದಾಳೆ. ಊರಿಗೆ ಹೋಗುವ ಆಲೋಚನೆ ಇದೆಯೇ ಅಂತಲೂ ಕೇಳಿದಳಂತೆ. ಅದು ಅವರಿಗೆ ಎಲ್ಲಿಂದ ಹೊಳೆಯಿತೋ.

ನಿವೇದಿತಾ ಮನೆಗೆ ಬಂದು ಶೂ ಬಿಚ್ಚಲಿಲ್ಲ. ಕೋಟು ತೆಗೆಯಲಿಲ್ಲ. ಪ್ರತಿಯನ್ನು ಮೇಜಿನ ಮೇಲಿಟ್ಟಳು.

"ಇದನ್ನ ನೀವು ಬರೆದ್ರಾ?"

ಹುಟ್ಟಿದಾಗಿನಿಂದ ನೀನು ಅಂತ ಕರೆದವಳು. ನಾಲ್ಕು ದಿನದಿಂದ ನೀವು, ಬನ್ನಿ, ಊಟ ಮಾಡಿ. ಮುದ್ದೆ ಮಾಡಿ ಹಾಕುತ್ತಾಳೆ, ಉಣ್ಣುತ್ತೇನೆ.

ಹಾಕಿದ ಕಾಗದ ವಾಪಸ್ಸು ತೆಗೆಯಲು ಬರುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಕಾಗದ ಇಡಬಹುದು ಅಷ್ಟೆ. "ನಾನು ಹೇಳ್ಬಿಟ್ಟು ಬರೆಸಿದ್ರೆ ಅದು ನನ್ನ ಕಾಗದ ಆಗುತ್ತೆ. ನಿಮಗೆ ಅನ್ನಿಸಿದರೆ ಬರೀರಿ" ಅಂದಳು.

ಹೊರಗೆ ಮೊದಲ ಹಿಮ ಬಿದ್ದಿದೆ. ಎಲ್ಲರೂ ಫೋಟೋ ತೆಗೆಯುತ್ತಾರೆ. ನನಗೆ ಸುಣ್ಣದ ತಿಪ್ಪೆಯ ಹಾಗೆ ಕಾಣುತ್ತದೆ.

ಸಿದ್ದಲಿಂಗ

*

ತಿಪಟೂರು, ೨೧ ನವೆಂಬರ್ ೨೦೨೪

ಸಿದ್ದಾ,

ತಪ್ಪು ನನ್ನದು. 'ಮನಸ್ಸು ಸ್ತಿಮಿತದಲ್ಲಿಲ್ಲ' ಅಂತ ಬರೆದ ಕೈ ನನ್ನದು. ಆ ಪದ ಸಿಕ್ಕಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆನಲ್ಲೋ. ಸೀಲು ಹಾಕಿಸು ಅಂತ ಹೇಳಿದವನೂ ನಾನೇ. ಸಿಂಧೂರ ನಿನ್ನ ಕಾಗದ ಓದಿ, "ಏನ್ ಮಾವಾ, ಹುಡುಗಿಯೊಬ್ಬಳ ಅನ್ನಕ್ಕೆ ಮಣ್ಣು ಹಾಕಿದ್ರಲ್ಲ" ಅಂದಳು. ನನಗೆ ಕೇಳಿಸಲಿ ಅಂತ ಎರಡು ಸಲ ಅಂದಳು.

ನಿವೇದಿತಾ ಎಂಟು ವರ್ಷದವಳಿದ್ದಾಗ ನನ್ನ ಕಚೇರಿಗೆ ಬಂದು ಟೈಪ್‌ರೈಟರಿನ ಮೇಲೆ ತನ್ನ ಹೆಸರು ಹೊಡೆದು ಹೋಗಿದ್ದಳು. ಆ ಹಾಳೆ ಎಷ್ಟೋ ವರ್ಷ ನನ್ನ ಡ್ರಾಯರಿನಲ್ಲಿತ್ತು.

ನೀನು ಕೂಡಲೇ ಇನ್ನೊಂದು ಬರೆ. ಡ್ರಾಫ್ಟು ಕಳಿಸಲು ನನಗೆ ಧೈರ್ಯವಿಲ್ಲ. ಆ ಸುಳ್ಳುಗಳೆಲ್ಲ ನನ್ನವು ಅಂತ ನೇರವಾಗಿ ಬರೆ, ನನ್ನ ಹೆಸರು, ವಿಳಾಸ ಕೊಡು.

ಉಮಾಕಾಂತ

*

ತಿಪಟೂರು, ೧ ಡಿಸೆಂಬರ್ ೨೦೨೪

ಸಿದ್ದಾ,

ಹತ್ತು ದಿನವಾಯಿತು. ಎರಡು ಗೀಟು ನೀಲಿ ಬಂದಿದೆ, ನೀನು ಓದಿದ್ದೀಯ ಅಂತ ಸಿಂಧೂರ ಹೇಳುತ್ತಾಳೆ. ಉತ್ತರವಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರೆ. ಬೈಯುವುದನ್ನೂ ಬಿಟ್ಟೆಯಾ ಅಂತ ಭಯವಾಗುತ್ತಿದೆ. ಬರುವ ಭಾನುವಾರದೊಳಗೆ ನಿನ್ನಿಂದ ಕಾಗದ ಬರದಿದ್ದರೆ ನಾನೇ ಆ ಲೇನಮ್ಮನಿಗೆ ತಪ್ಪೊಪ್ಪಿಗೆ ಬರೆಯುತ್ತೇನೆ.

ಉಮಾಕಾಂತ

*

ಓರೆಬ್ರೂ, ೮ ಡಿಸೆಂಬರ್ ೨೦೨೪

ಬರೆಯಬೇಡ, ಉಮಾಕಾಂತ. ನಿನ್ನದಲ್ಲ ತಪ್ಪು.

ನೀನು ಕಳಿಸಿದ್ದರಲ್ಲಿ ಒಂದು ಅಕ್ಷರವೂ ತೆಗೆದಿಲ್ಲ ಅಂತ ಬರೆದಿದ್ದೆ. ನಿಜವೇ, ತೆಗೆಯಲಿಲ್ಲ. ಸೇರಿಸಿದೆ. ಕೊನೆಯಲ್ಲಿ, ಸಹಿಯ ಮೇಲೆ, ನನ್ನದೇ ಇಂಗ್ಲಿಷಿನಲ್ಲಿ ಎರಡು ಸಾಲು: ಇದು ಯಾವುದೂ ಆಗದಿದ್ದರೆ ಅವಳನ್ನು ಕೆಲಸದಿಂದ ಬಿಡುಗಡೆ ಮಾಡಿ ಊರಿಗೆ ಕಳಿಸಿಕೊಡಿ. ಅಲ್ಲಿ ಅವಳ ಕೋಣೆಗೆ ಬಣ್ಣ ಹೊಡೆಸಿ ಇಟ್ಟಿದ್ದೇನೆ.

ನೀನು ಬಾಡಿಗೆಗೆ ಅಂದುಕೊಂಡೆ. ನಾನು ಅಲ್ಲ ಅನ್ನಲಿಲ್ಲ. ಇಲ್ಲಿಗೆ ವಿಮಾನ ಹತ್ತುವಾಗಲೇ ಅವಳು ಸೋತು ವಾಪಸ್ಸು ಬರುತ್ತಾಳೆ ಅಂತ ಲೆಕ್ಕ ಹಾಕಿಕೊಂಡು ಹತ್ತಿದ್ದೆ. ಕಕ್ಕಸು, ಬ್ರೆಡ್ಡು, ಮೀನು, ರಕ್ತ, ದಿನಾ ಊಟಕ್ಕೆ ಕೂತಾಗ ಅವಳೆದುರು ಬೈದದ್ದೂ ಅದಕ್ಕೇ. ನನ್ನ ಹೇಸಿಗೆ ಅವಳಿಗೂ ಹತ್ತಲಿ ಅಂತ. ಹತ್ತಲಿಲ್ಲ. ಅವಳು ಆಲೂಗಡ್ಡೆ ಸುಲಿದು ತಿಂದಳು.

ಲೇನಾ ಕೇಳಿದ್ದಳಂತೆ, ಯಾವ ಕೋಣೆಗೆ ಬಣ್ಣ ಅಂತ. ನಿವೇದಿತಾಗೆ ಅಲ್ಲೇ ಎಲ್ಲಾ ತಿಳಿಯಿತು. ಉಳಿದದ್ದು ಉಮಾಕಾಂತ ಮಾಮನದು, ಇದು ಅಪ್ಪನದು ಅಂತ. ನಿನ್ನ ಸುಳ್ಳಿಗೆ ಅವಳು ನಕ್ಕು ಬಿಡುತ್ತಿದ್ದಳು, ಕಣೋ. ನನ್ನ ಎರಡು ಸಾಲಿನಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ನೀವು ಅಂತ ಕರೆದದ್ದು. ಇದನ್ನು ನಿನಗೆ ಆಗಲೇ ಹೇಳಬೇಕಿತ್ತು. ನೀನು ತಪ್ಪು ಹೊತ್ತುಕೊಂಡು ಕೂತಿದ್ದೀಯ ಅಂತ ಓದಿ ಒಳಗೊಳಗೇ ಹಗುರವಾದೆ. ಥೂ ನನ್ನ.

ಇನ್ನೊಂದು ಹೇಳುತ್ತೇನೆ ಕೇಳು. ಸೋಮವಾರ ಬಸ್ಸಿನಲ್ಲಿ ಆ ನಾರು ಕೂದಲಿನ ಹುಡುಗ ಸಿಕ್ಕ. ಅದೇ ಭಂಗಿ, ಕಾಲು ಎದುರು ಸೀಟಿನ ಮೇಲೆ. ತುಟಿಯ ಒಳಗೆ ಹೊಗೆಸೊಪ್ಪಿನ ಪೊಟ್ಟಣ ಒತ್ತರಿಸಿಕೊಂಡಿದ್ದ, ಮೇಲ್ದುಟಿ ಊದಿದ ಹಾಗೆ. ಮಂಕಿ ಕ್ಯಾಪಿನಿಂದ ಗುರುತು ಹಿಡಿದ. "ಯು ಆರ್ ನಿವೀಸ್ ಡ್ಯಾಡ್." ಹೌದು ಅಂದೆ. "ವೆನ್ ಈಸ್ ಶೀ ಕಮಿಂಗ್ ಬ್ಯಾಕ್, ಮ್ಯಾನ್? ದಿ ನ್ಯೂ ಒನ್ ಓನ್ಲಿ ಶೋಸ್ ಫಿಲ್ಮ್ಸ್." ನನ್ನ ವಯಸ್ಸೇನು, ಅವನ ವಯಸ್ಸೇನು, ಮ್ಯಾನ್ ಅಂತೆ. "ಲೆಗ್ ಡೌನ್" ಅಂದೆ, ಡಿಪೋದ ದನಿಯಲ್ಲಿ. ಇಳಿಸಿದ. "ನಿವಿ ಸೇಸ್ ಇಟ್ ಬೆಟರ್" ಅಂದ.

ತಂದೆಯಾದವನಿಗೆ ಆ ಮಾತು ಕೇಳಿ ಹಿಗ್ಗಬೇಕಿತ್ತಲ್ಲವೇ? ನನಗೆ ಬೇಸರವಾಯಿತು. ಅವಳನ್ನು ಇಲ್ಲಿ ಯಾರೂ ಕೇಳದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ನನ್ನ ಸ್ಟಾಪ್ ಬಂತು, ಇಳಿಯುವುದನ್ನೂ ಮರೆತು ಕೊನೆಯ ಸ್ಟಾಪಿನವರೆಗೆ ಹೋಗಿ ಕೂತೆ. ಎರಡು ತಿಂಗಳಿಂದ ಈ ಊರಿನಲ್ಲಿ ಹುಡುಕಿ ಹುಡುಕಿ ಅಸಹ್ಯಪಟ್ಟವನಿಗೆ, ಅವೆಲ್ಲಕ್ಕಿಂತ ಅಸಹ್ಯವಾದದ್ದು ಆ ಸೀಟಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದೆ ಅಂತ ಆವತ್ತು ತಿಳಿಯಿತು.

ಬುಧವಾರ ಬರೆದೆ. ನಾಲ್ಕೇ ವಾಕ್ಯ, ನನ್ನದೇ ಇಂಗ್ಲಿಷು. ಮೊದಲ ಪತ್ರದಲ್ಲಿ ಬರೆದದ್ದು ನಿಜವಲ್ಲ. ನನ್ನ ಮಗಳು ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ. ಅವಳು ಒಳ್ಳೆಯ ಟೀಚರ್. ಊರಿಗೆ ಹೋಗಬೇಕು ಅನ್ನುವವಳು ಅವಳಲ್ಲ, ಅವಳು ಬರಲಿ ಅನ್ನುವವನು ನಾನು.

ತಿದ್ದಿಕೊಡು ಅಂತ ನಿವೇದಿತಾ ಮುಂದಿಟ್ಟೆ. ಮಕ್ಕಳ ಪುಸ್ತಕ ತಿದ್ದುತ್ತಿದ್ದಳು, ಕೈಯಲ್ಲಿ ಕೆಂಪು ಪೆನ್ನಿತ್ತು. 'ರೆಸ್ಪೆಕ್ಟೆಡ್ ಮೇಡಂ' ಹೊಡೆದುಹಾಕಿ 'ಹೇಯ್ ಲೇನಾ' ಅಂತ ಬರೆದಳು. ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿಯವಳನ್ನು ಕೂಗಿದ ಹಾಗೆ! ಇಲ್ಲಿ ಕಾಗದಕ್ಕೂ ಅದೇ ಒಕ್ಕಣೆಯಂತೆ. 'ಐ ಬೆಗ್ ಟು ಸ್ಟೇಟ್' ಹೊಡೆದಳು. ಮೊದಲ ವಾಕ್ಯದಲ್ಲಿ ಎರಡು ತಪ್ಪು, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಒಂದು. ನಾಲ್ಕನೆಯದನ್ನು ಓದಿದಳು. ಅದರಲ್ಲಿ ತಪ್ಪಿಲ್ಲದೆ ಇರುತ್ತದೆಯೇ, ನನ್ನ ಇಂಗ್ಲಿಷು ನಿನಗೆ ಗೊತ್ತು. ಪೆನ್ನಿಗೆ ಮುಚ್ಚಳ ಹಾಕಿದಳು. "ಇದು ಹೀಗೇ ಇರಲಿ. ಉಳಿದದ್ದು ನೀಟಾಗಿ ಬರೀರಿ" ಅಂದಳು.

ಶುಕ್ರವಾರ ಹೋಗಿ ಕೊಟ್ಟೆ. ಸೀಲು ಹಾಕಿಸಿದೆ, ನಂಬರು ಬರೆಸಿದೆ, ನಿನ್ನ ಪಾಠ ಮರೆಯಲಿಲ್ಲ. ಲೇನಾ ತಾನೇ ಹೊರಗೆ ಬಂದು ನಿಂತುಕೊಂಡೇ ಓದಿದಳು. "ಥ್ಯಾಂಕ್ ಯೂ, ಸಿದ್ದಲಿಂಗ" ಅಂದಳು. ನಮ್ಮ ಡಿಪೋ ಮ್ಯಾನೇಜರ್ ಕೂಡ ನನ್ನನ್ನು ಬರಿ ಹೆಸರಿನಲ್ಲಿ ಕರೆದವನಲ್ಲ. ಆ ಕರಿ ಮಿಠಾಯಿಯ ಬಟ್ಟಲನ್ನೂ ಮುಂದೆ ಹಿಡಿದಳು. ತೆಗೆದುಕೊಂಡೆ. ಈ ಸಲ ಪೂರ್ತಿ ನುಂಗಿದೆ; ಅದು ನನಗೆ ಸಲ್ಲಬೇಕಾದದ್ದೇ.

ನಾಳೆಯಿಂದ ಎಂಟನೆಯ ಕ್ಲಾಸು ಮತ್ತೆ ನಿವೇದಿತಾಳದು. ಕಾಯಂ ಆಗುವುದು ಮಾರ್ಚ್ ಮಾತು, ಆಗ ನಾನಿರುವುದಿಲ್ಲ. ಆಗುತ್ತದೆ ಅಂತ ಕಾಣುತ್ತದೆ. ಆಗಲಿ ಅಂತ ಬರೆಯಲು ಇಷ್ಟು ಹೊತ್ತಾಯಿತು ನನಗೆ. ಆಗಲಿ.

ಆ ನರ್ಸಿಂಗ್ ಹುಡುಗಿಯರು ಇನ್ನೂ ಕೇಳುತ್ತಿದ್ದರೆ ಕೋಣೆ ಕೊಟ್ಟುಬಿಡು. ಬೀರುವಿನ ಪುಸ್ತಕಗಳನ್ನು ಕಟ್ಟಿಡು, ಯಾರಾದರೂ ಈ ಕಡೆ ಬರುವವರ ಕೈಲಿ ಕಳಿಸೋಣ. ಹೊಲಿಗೆ ಮೆಷಿನ್ನು ನನ್ನ ಮಂಚದ ಪಕ್ಕಕ್ಕೆ ಇಡಿಸು. ತಿಳಿಹಸಿರು ಯಾರಿಗಾದರೂ ಒಪ್ಪುತ್ತದೆ. ಇಪ್ಪತ್ತೊಂಬತ್ತರ ಸಂಜೆ ಏರಿಯ ಮೇಲೆ ಸಿಗುತ್ತೇನೆ, ಬೈಯಲು ಬೇಕಾದಷ್ಟು ಗಂಟು ಕಟ್ಟಿಕೊಂಡು...

ಈಗ ಒಳಗಿನಿಂದ ಕೂಗಿದಳು: "ಅಪ್ಪಾ, ಕತ್ತಲಲ್ಲಿ ಏನ್ ಬರೀತಾ ಕೂತಿದೀಯ? ಕಣ್ಣು ಹಾಳಾಗುತ್ತೆ, ಬಾ ಈ ಕಡೆ." ಗಡಿಯಾರ ನೋಡಿದೆ, ಮೂರೂ ಆಗಿಲ್ಲ. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಹಾಳೆಯ ಅಂಚು ಕಾಣಿಸುತ್ತಿಲ್ಲ. ಸಾಕು.